ತೋಟದಲ್ಲಿ ಕೂಗೋ ಹಕ್ಕಿ ಯಾವ್ದು ಅಂತ ಗುರುತು ಹಿಡಿಯೋದು ಕಲಿಯೋದು ಹೆಂಗೆ? ಚಿಟ್ಟೆದೂ ಗೊತ್ತಿದ್ರೆ ಹೇಳಿ

ಹಳ್ಳದ_ದಂಡೆ

ಎಲ್ರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಹತ್ರ, ಕೆಲಸ ಬೆಂಗಳೂರಿನ ಕಂಪನೀದು, ಈಗ ವರ್ಕ್ ಫ್ರಂ ಹೋಮ್ ಅಂತ ಊರಲ್ಲೇ ಇದೀನಿ. ಮನೆ ಹಿಂದೆ ಅಡಿಕೆ ತೋಟ, ತೋಟ ದಾಟಿದ್ರೆ ಹಳ್ಳ, ಆಚೆ ಕಾಡು. ಯುಗಾದಿ ಕಳೆದ ಮೇಲಂತೂ ಬೆಳಕು ಹರಿಯೋಕೆ ಮುಂಚೆನೇ ಶುರುವಾಗೋ ಗಲಾಟೆ ಇದ್ಯಲ್ಲ, ಅದನ್ನ ಕೇಳ್ತಾ ಕೇಳ್ತಾ ಇವೆಲ್ಲ ಯಾವ್ಯಾವ ಹಕ್ಕಿ ಅಂತ ತಿಳ್ಕೋಬೇಕು ಅನ್ನೋ ಹುಚ್ಚು ಹತ್ತಿದೆ. ನಮ್ಮಜ್ಜಿ ಒಲೆ ಮುಂದೆ ಕೂತ್ಕೊಂಡೇ ಅದು ಕೆಂಬೂತ, ಇದು ಕುಟ್ರ ಅಂತಾರೆ, ಹೆಂಗೆ ಗೊತ್ತಾಯ್ತು ಅಂದ್ರೆ "ಕೂಗಿದ್ದು ಕೇಳ್ಲಿಲ್ವನೋ" ಅಂತ ನಂಗೇ ವಾಪಸ್ ಕೇಳ್ತಾರೆ.

ಕೂಗು ಕೇಳಿ ಹಕ್ಕಿ ಹೆಸರು ಹೇಳೋ ಮರ್ಲಿನ್ ಆಪ್ ಹಾಕ್ಕೊಂಡಿದೀನಿ. ಆನ್ ಮಾಡಿ ಜಗಲಿ ಮೇಲಿಟ್ರೆ ಸಾಲಾಗಿ ಹೆಸರು ಬರ್ತಾವೆ, ಆದ್ರೆ ಆಪ್ ಆಫ್ ಮಾಡಿದ ತಕ್ಷಣ ತಲೆ ಖಾಲಿ, ಮಾರನೇ ದಿನ ಅದೇ ಹಕ್ಕಿ ಕೂಗಿದ್ರೂ ಮತ್ತೆ ಫೋನ್ ತೆಗೀಬೇಕು. ಇದಕ್ಕೇನು ಉಪಾಯ?

ಸದ್ಯಕ್ಕೆ ನಂಗೆ ತಲೆ ಕೆಡಿಸಿರೋ ಸದ್ದು ಹೇಳ್ತೀನಿ. ಒಂದು, ಇನ್ನೂ ಕತ್ತಲೆ ಇರೋವಾಗ್ಲೇ ಹಳ್ಳದ ಕಡೆಯಿಂದ ಥೇಟ್ ಮನುಷ್ಯರೇ ಸಿಳ್ಳೆ ಹಾಕ್ದಂಗೆ, ರಾಗಕ್ಕೆ ತಲೆ ಬುಡ ಇಲ್ಲ, ಮೇಲೆ ಹೋಗುತ್ತೆ ಕೆಳಗೆ ಬರುತ್ತೆ. ಇನ್ನೊಂದು, ಸುಡು ಮಧ್ಯಾಹ್ನ ಟುಕ್ ಟುಕ್ ಟುಕ್ ಅಂತ ನಿಲ್ಲಿಸ್ದೇ ಹೊಡೀತಾ ಇರುತ್ತೆ, ಯಾವ ಮರದಲ್ಲಿ ಅಂತ ಹುಡುಕಿದ್ರೂ ಸಿಗಲ್ಲ. ಮತ್ತೊಂದು ಮೂರು ಮೂರು ಸ್ವರ ಸೇರಿಸ್ಕೊಂಡು ಏರ್ತಾ ಏರ್ತಾ ಹೋಗಿ ಕೊನೆಗೆ ಹುಚ್ಚು ಹಿಡ್ದಂಗೆ ಕಿರುಚಿ ನಿಲ್ಲಿಸುತ್ತೆ, ಇದು ಬೆಳದಿಂಗಳ ರಾತ್ರಿ ಕೂಡ ಬಿಡಲ್ಲ. ಕೊನೇದು ಒಂದೇ ಮರದಿಂದ ನಾಲ್ಕೈದು ತರದ ಸದ್ದು, ಒಂದ್ಸಲ ಗಿಡುಗ, ಒಂದ್ಸಲ ಅಳಿಲು, ಆದ್ರೆ ನೋಡಿದ್ರೆ ಅಲ್ಲಿ ಕೂತಿರೋದು ಒಂದೇ ಕಪ್ಪು ಹಕ್ಕಿ.

ಚಿಟ್ಟೆ ವಿಷ್ಯ ಅಂತೂ ಕೇಳ್ಲೇಬೇಡಿ. ನಮ್ಮನೇಲಿ ಎಲ್ಲದಕ್ಕೂ ಚಿಟ್ಟೆ ಅಂತ ಒಂದೇ ಹೆಸರು. ಫೋನಲ್ಲಿ ಫೋಟೋ ತೆಗೆದ್ರೆ ಎಲೆ ಬರುತ್ತೆ, ಚಿಟ್ಟೆ ಇರಲ್ಲ.

---

ಕೆರೆ_ಏರಿ_ಮೈಸೂರು

ನಿಮ್ಮೂರಲ್ಲಿದ್ದು ಹೊಟ್ಟೆ ಉರಿಸ್ತಿದೀರ ಬಿಡಿ. ನಾವಿಲ್ಲಿ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕಿಂಗ್ ಜನರ ಮಾತಿನ ಮಧ್ಯೆ ಹಕ್ಕಿ ಕೇಳಿಸ್ಕೋಬೇಕು.

ಮೊದಲು ನಿಮ್ಮ ಸದ್ದು. ಕತ್ತಲೇಲಿ ಹಳ್ಳದ ಹತ್ರ ಸಿಳ್ಳೆ ಅಂದ್ರೆ ಸಿಳ್ಳಾರ, ಮಲಬಾರ್ ವಿಸ್ಲಿಂಗ್ ಥ್ರಶ್, ಅನುಮಾನಾನೇ ಬೇಡ. ಇಂಗ್ಲಿಷ್‌ನೋರು ಇದಕ್ಕೆ ಸ್ಕೂಲಿಗೆ ಹೋಗೋ ಸೋಮಾರಿ ಹುಡುಗನ ಸಿಳ್ಳೆ ಅಂತಾನೇ ಹೆಸರಿಟ್ಟಿದಾರೆ. ಹರಿಯೋ ನೀರು ಬಿಟ್ಟು ದೂರ ಹೋಗಲ್ಲ. ನೆರಳಲ್ಲಿ ನೋಡಿದ್ರೆ ಬರೀ ಕರಿ ಹಕ್ಕಿ ಅನ್ಸುತ್ತೆ, ಬಂಡೆ ಮೇಲೆ ಒಂಚೂರು ಬಿಸಿಲು ಬಿದ್ದಾಗ ನೋಡಿ, ಹಣೆ ಮೇಲೆ ಮತ್ತೆ ಭುಜದ ಮೇಲೆ ನೀಲಿ ಮಿಂಚುತ್ತೆ.

ಟುಕ್ ಟುಕ್ ಅನ್ನೋದು ಕುಟ್ರನ ಜಾತೀದೇ ಚಿಕ್ಕ ಹಕ್ಕಿ. ಬಯಲು ಸೀಮೆಲಾದ್ರೆ ಕಾಪರ್‌ಸ್ಮಿತ್ ಅಂತ ಕಣ್ಣು ಮುಚ್ಚಿ ಹೇಳ್ಬಹುದು, ಹಣೆ ಕೆಂಪು, ಗಂಟಲು ಹಳದಿ, ಹೊಟ್ಟೆ ಮೇಲೆ ಗೀಟು. ನಿಮ್ಮ ಕಡೆ ಮಲಬಾರ್ ಬಾರ್ಬೆಟ್ ಕೂಡ ಇದೆ, ಅದರ ಮುಖ ಗಂಟಲು ಎಲ್ಲ ಕೆಂಪು, ಕೂಗೂ ಟುಕ್ ಟುಕ್ಕೇ ಆದ್ರೆ ಅವಸರ ಜಾಸ್ತಿ. ಯಾವ ಮರ ಅಂತ ಗೊತ್ತಾಗದೇ ಇರೋಕೆ ಕಾರಣ ಇದೆ. ಕಾಪರ್‌ಸ್ಮಿತ್ ಕೊಕ್ಕು ಮುಚ್ಕೊಂಡೇ ಕೂಗುತ್ತೆ, ಗಂಟಲು ಮಾತ್ರ ಉಬ್ಬುತ್ತೆ, ಕೂಗ್ತಾ ಕೂಗ್ತಾ ತಲೆ ಈ ಕಡೆ ಆ ಕಡೆ ತಿರುಗಿಸ್ತಾ ಇರುತ್ತೆ, ಅದಕ್ಕೇ ಒಂದ್ಸಲ ಹತ್ರ ಒಂದ್ಸಲ ದೂರ ಅನ್ಸೋದು. ಎಲೆ ಮಧ್ಯೆ ಹುಡುಕ್ಬೇಡಿ, ಮರದ ತುದೀಲಿ ಒಣಗಿದ ಕೊಂಬೆ ಇದ್ರೆ ಅಲ್ಲಿ ನೋಡಿ. ಅಜ್ಜಿ ಹೇಳೋ ದೊಡ್ಡ ಕುಟ್ರ ಬೇರೆ, ಮೈ ಹಸಿರು ತಲೆ ಕಂದು ಕೆನ್ನೆ ಬಿಳಿ, ಅದು ಕೂತಲ್ಲಿಂದ ಅಲ್ಲಾಡಲ್ಲ, ಬಸರಿ ಅತ್ತಿ ಮರ ಹಣ್ಣು ಬಿಟ್ಟಾಗ ಅದರ ಕೆಳಗೆ ನಿಂತ್ಕೊಂಡ್ರೆ ಕಾಣುತ್ತೆ.

ಏರ್ತಾ ಏರ್ತಾ ಕಿರುಚೋದು ಬ್ರೇನ್ ಫೀವರ್ ಬರ್ಡ್, ಕೋಗಿಲೆ ಬಳಗದ್ದು. ನೋಡೋಕೆ ಥೇಟ್ ಬಿಜ್ಜು ಅನ್ನೋ ಸಣ್ಣ ಗಿಡುಗದ ತರ, ಹಾರಿ ಬಂದು ಕೂತ್ರೆ ಸಣ್ಣ ಹಕ್ಕಿಗಳೆಲ್ಲ ಹೆದರಿ ಕಿರುಚ್ತಾವೆ. ಮೊಟ್ಟೆ ಇಡೋದು ಹರಟೆಮಲ್ಲನ ಗೂಡಲ್ಲಿ. ಮಳೆ ಹಿಡಿದ ಮೇಲೆ ನಿಧಾನಕ್ಕೆ ಸುಮ್ಮನಾಗುತ್ತೆ, ಅಲ್ಲಿವರೆಗೂ ನಿದ್ದೆ ಕೆಡ್ಸುತ್ತೆ ತಡ್ಕೊಳ್ಳಿ.

ನಾಲ್ಕೈದು ಸದ್ದು ಮಾಡೋ ಕಪ್ಪು ಹಕ್ಕಿ ಬಾಲ ನೋಡಿದ್ರಾ? ಎರಡು ಉದ್ದ ತಂತಿ, ತುದೀಲಿ ಪುಕ್ಕದ ಚಮಚ ಇದ್ರೆ ಭೀಮರಾಜ. ಅದು ಮಿಮಿಕ್ರಿ ಆರ್ಟಿಸ್ಟ್, ಗಿಡುಗದ ಕೂಗು ಹಾಕಿ ಬೇರೆ ಹಕ್ಕಿಗಳನ್ನ ಹೆದರಿಸೋದೂ ಉಂಟು.

ಈಗ ನಿಮ್ಮ ನಿಜವಾದ ಪ್ರಶ್ನೆ, ತಲೇಲಿ ಯಾಕೆ ನಿಲ್ಲಲ್ಲ ಅಂತ. ಒಂದೇ ಬೆಳಿಗ್ಗೆ ಅಷ್ಟೂ ಹೆಸರು ಕೇಳಿದ್ರೆ ಯಾರ ತಲೇಲೂ ನಿಲ್ಲಲ್ಲ. ಈ ವಾರ ಎರಡೇ ಹಕ್ಕಿ ಅಂತ ಇಟ್ಕೊಳ್ಳಿ. ಕೂಗು ಕೇಳಿದ್ರೆ ಎದ್ದು ಹೋಗಿ, ಅದು ಕೂಗ್ತಾ ಇರೋದನ್ನ ಕಣ್ಣಲ್ಲಿ ನೋಡೋವರೆಗೂ ಬಿಡಬೇಡಿ. ಕೊಕ್ಕು ತೆರೆದಿದ್ದು, ಬಾಲ ಕುಣಿಸಿದ್ದು, ಯಾವ ಮರ, ಎಷ್ಟು ಎತ್ತರ, ಇದೆಲ್ಲ ಸೇರಿನೇ ಆ ಕೂಗು ನೆನಪಲ್ಲಿ ಉಳಿಯೋದು. ಬರೀ ಕಿವೀಲಿ ಕೇಳಿ ಸ್ಕ್ರೀನ್ ಮೇಲೆ ಹೆಸರು ಓದಿದ್ರೆ ಯಾವತ್ತೂ ಆಗಲ್ಲ. ಅಜ್ಜಿ ಕಲ್ತಿದ್ದು ಹಂಗೇ, ಅವರು ತೋಟದಲ್ಲಿ ಕೆಲಸ ಮಾಡ್ತಾ ನೋಡಿರ್ತಾರೆ.

ಮಡಿವಾಳ ಹಕ್ಕಿಯಿಂದ ಶುರು ಮಾಡಿ. ಕಪ್ಪು ಬಿಳುಪು, ಗೊಂದಲ ಇಲ್ಲ, ಈಗ ಗಂಡು ಕಂಬದ ತುದೀಲಿ ಕೂತು ಬೆಳಗಾನ ಹಾಡ್ತಾ ಇರುತ್ತೆ, ಮಳೆಗಾಲ ಮುಗಿದ ಮೇಲೆ ಅದೇ ಹಕ್ಕಿ ಮುಂದೆ ಕೂತ್ರೂ ಬಾಯಿ ಬಿಡಲ್ಲ. ಕಲಿಯೋಕೆ ಏಪ್ರಿಲ್ ಮೇ ಬಿಟ್ರೆ ಒಳ್ಳೆ ಟೈಮ್ ಸಿಗಲ್ಲ.

---

ಸುಮ್ನೆ_ಓದ್ತೀನಿ

ಚಿಟ್ಟೆನ ಸೌಂಡಲ್ಲಿ ಗುರುತು ಹಿಡಿಯೋರು ಯಾರಾದ್ರೂ ಇದ್ರೆ ನಂಗೂ ಹೇಳಿ, ಬಂದು ಕಾಲಿಗೆ ಬೀಳ್ತೀನಿ 😄

ಸೀರಿಯಸ್ಸಾಗಿ ಹೇಳ್ಬೇಕಂದ್ರೆ ಆಪ್‌ನ ಅಷ್ಟು ಬೈಬೇಡಿ. ಇಂಡಿಯಾದ ಪ್ಯಾಕ್ ಒಂದ್ಸಲ ಡೌನ್‌ಲೋಡ್ ಮಾಡ್ಕೊಂಡ್ರೆ ನೆಟ್‌ವರ್ಕ್ ಇಲ್ದೇ ಇರೋ ಕಾಡಲ್ಲೂ ನಡೆಯುತ್ತೆ, ಫ್ರೀ ಬೇರೆ. ನಾನು ಮಾಡೋದು ಏನಂದ್ರೆ ರೆಕಾರ್ಡ್ ಮಾಡೋವಾಗ ಸ್ಕ್ರೀನ್ ಮೇಲೆ ಓಡುತ್ತಲ್ಲ ಆ ಗೆರೆಗಳು, ಹೆಸರಿನ ಬದಲು ಅದನ್ನ ನೋಡ್ತೀನಿ. ಸಿಳ್ಳೆ ಆದ್ರೆ ನುಣ್ಣನೆ ಗೆರೆ, ಟುಕ್ ಟುಕ್ ಆದ್ರೆ ಒಂದೇ ಸಾಲಲ್ಲಿ ಚುಕ್ಕಿ, ಕರ್ರ್ ಅಂದ್ರೆ ದಪ್ಪ ಪಟ್ಟಿ. ಸ್ವಲ್ಪ ದಿನ ನೋಡಿದ್ರೆ ಕಿವಿಗೆ ಬೀಳೋದೂ ಆ ಆಕಾರದಲ್ಲೇ ಬೀಳೋಕೆ ಶುರುವಾಗುತ್ತೆ.

---

ಬಂದಳಿಕೆ

ಚಿಟ್ಟೆದ್ದು ನಾನು ಹೇಳ್ತೇನೆ ಮಾರಾಯ್ರೆ, ಹಕ್ಕಿ ಅಂದ ಕೂಡ್ಲೇ ಎಲ್ಲರೂ ಓಡಿ ಬರ್ತಾರೆ, ಚಿಟ್ಟೆಗೆ ಜನ ಇಲ್ಲ. ನಮ್ಮದು ಮೂಡುಬಿದಿರೆ ಕಡೆ.

ಚಿಟ್ಟೆ ಹಿಂದೆ ಓಡ್ಬೇಡಿ, ಗಿಡದ ಹತ್ರ ಕೂತ್ಕೊಳ್ಳಿ. ಹೆಚ್ಚಿನ ಚಿಟ್ಟೆಗಳಿಗೆ ಮೊಟ್ಟೆ ಇಡ್ಲಿಕ್ಕೆ ತಮ್ಮದೇ ಕೆಲವು ಗಿಡ ಉಂಟು, ಸಿಕ್ಕಿದ ಗಿಡ ಎಲ್ಲ ಅವಕ್ಕೆ ಆಗುವುದಿಲ್ಲ. ಮನೆ ಹಿಂದೆ ಕರಿಬೇವು ಉಂಟಲ್ಲ, ಅಲ್ಲಿ ಕಾಮನ್ ಮಾರ್ಮನ್ ಬಂದೇ ಬರ್ತದೆ, ನಿಂಬೆ ಗಿಡಕ್ಕೆ ಲೈಮ್ ಚಿಟ್ಟೆ. ಎಲೆ ಮೇಲೆ ಹಕ್ಕಿ ಹಿಕ್ಕೆ ಬಿದ್ದ ಹಾಗೆ ಕಂದು ಬಿಳಿ ಒಂದು ತುಂಡು ಕಂಡ್ರೆ ಒರೆಸ್ಬೇಡಿ, ಅದೇ ಮರಿಹುಳ, ದೊಡ್ಡದಾದ ಮೇಲೆ ಹಸಿರಾಗ್ತದೆ. ರಸ್ತೆ ಬದಿ ಎಕ್ಕದ ಗಿಡದಲ್ಲಿ ಪ್ಲೇನ್ ಟೈಗರ್. ಮಾವಿನ ಮರಕ್ಕೆ ಹಿಡಿದ ಬಂದಳಿಕೆಯಲ್ಲಿ ಜೆಜೆಬೆಲ್, ಹಳದಿ ಬಿಳಿ ರೆಕ್ಕೆ, ಅಂಚಿಗೆ ಕೆಂಪು ಚುಕ್ಕಿ ಸಾಲು. ಮರದ ಮೇಲೆಯೇ ಹಾರ್ತಾ ಇರ್ತದೆ, ಆದ್ರೆ ಬಣ್ಣ ಎಲ್ಲ ರೆಕ್ಕೆಯ ಅಡಿಯಲ್ಲಿ ಇರುವುದರಿಂದ ಕೆಳಗಿಂದ ನೋಡುವವರಿಗೇ ಲಾಭ.

ಈಗ ಸ್ವಲ್ಪ ಮೋಸದ ವಿಷಯ. ಕಾಮನ್ ಮಾರ್ಮನ್‌ನಲ್ಲಿ ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡ ಬಿಳಿ ಚುಕ್ಕಿ ಸಾಲು. ಹೆಣ್ಣು ಮೂರು ವೇಷದಲ್ಲಿ ಬರ್ತದೆ. ಒಂದು ಗಂಡಿನ ಹಾಗೆಯೇ, ಇನ್ನೊಂದು ಕಾಮನ್ ರೋಸ್ ಹಾಗೆ, ಮತ್ತೊಂದು ಕ್ರಿಮ್ಸನ್ ರೋಸ್ ಹಾಗೆ. ಆ ರೋಸ್‌ಗಳು ಈಶ್ವರಿ ಬಳ್ಳಿಯ ಜಾತಿ ತಿಂದು ಬೆಳೆದು ಮೈಯೆಲ್ಲ ವಿಷ, ಹಕ್ಕಿ ಮುಟ್ಟುವುದಿಲ್ಲ, ಅವುಗಳ ಬಟ್ಟೆ ಹಾಕ್ಕೊಂಡು ಇದು ಬಚಾವಾಗ್ತದೆ. ರೆಕ್ಕೆ ನೋಡಿದ್ರೆ ನಿಮಗೆ ಗೊತ್ತಾಗುವುದೇ ಇಲ್ಲ. ಮೈ ನೋಡಿ. ರೋಸ್‌ನ ಹೊಟ್ಟೆ ಕೆಂಪು, ಮಾರ್ಮನ್‌ನ ಹೊಟ್ಟೆ ಕಪ್ಪು. ಅಷ್ಟೇ. ಹಾಗೆಯೇ ಪ್ಲೇನ್ ಟೈಗರ್ ವೇಷ ಹಾಕುವುದು ಡನೈಡ್ ಎಗ್‌ಫ್ಲೈ ಹೆಣ್ಣು. ಪ್ಲೇನ್ ಟೈಗರ್‌ನ ಹಿಂದಿನ ರೆಕ್ಕೆಯ ನಡುವೆ ಮೂರ್ನಾಲ್ಕು ಕಪ್ಪು ಚುಕ್ಕಿ ಇರ್ತದೆ, ಎಗ್‌ಫ್ಲೈಗೆ ಮೇಲಂಚಿಗೆ ಒಂದೇ.

ಫೋಟೋ ತೆಗೆಯುವಾಗ ರೆಕ್ಕೆಯ ಒಳಗಡೆ ಹೊರಗಡೆ ಎರಡೂ ಬೇಕು. ಹುಲ್ಲಿನಲ್ಲಿ ಹಾರುವ ಸಣ್ಣ ನೀಲಿಗಳನ್ನು ಮೇಲಿನ ನೀಲಿ ನೋಡಿ ಹೇಳ್ಲಿಕ್ಕೆ ಯಾರಿಂದಲೂ ಆಗುವುದಿಲ್ಲ, ರೆಕ್ಕೆ ಮಡಚಿದಾಗ ಕಾಣುವ ಚುಕ್ಕಿ ಗೆರೆಯೇ ಗುರುತು. ಇನ್ನು ಕೆಲವು ಚಿಟ್ಟೆ ಮಳೆಗಾಲಕ್ಕೆ ಒಂದು ವೇಷ, ಬೇಸಿಗೆಗೆ ಒಂದು ವೇಷ. ಈವ್ನಿಂಗ್ ಬ್ರೌನ್ ಅಂತ ಉಂಟು, ಮಳೆಗಾಲದಲ್ಲಿ ರೆಕ್ಕೆ ಅಡಿಯಲ್ಲಿ ಕಣ್ಣಿನ ಹಾಗೆ ಚುಕ್ಕಿ, ಬೇಸಿಗೆಯಲ್ಲಿ ಆ ಚುಕ್ಕಿ ಮಾಯ, ಪೂರಾ ತರಗೆಲೆ. ಎರಡೂ ಒಂದೇ ಅಂತ ಹೇಳಿದ್ರೆ ನಂಬುವುದು ಕಷ್ಟ.

ಬೆಳಿಗ್ಗೆ ಬೇಗ ಏಳುವ ಅಗತ್ಯ ಇಲ್ಲ ಇದಕ್ಕೆ. ಬಿಸಿಲು ಏರಿ ಮೈ ಕಾದ ಮೇಲೆಯೇ ಅವು ಹಾರುವುದು, ಒಂಬತ್ತರಿಂದ ಹನ್ನೆರಡು ಒಳ್ಳೆಯದು. ನಿಮ್ಮಲ್ಲಿ ಹಳ್ಳದ ಬದಿ ಒದ್ದೆ ಮರಳು ಇದ್ರೆ ಅಲ್ಲಿ ಗುಂಪಾಗಿ ಕೂತು ನೀರು ಹೀರುತ್ತವೆ, ಹೆಚ್ಚಿನವು ಗಂಡೇ, ಉಪ್ಪಿನ ಆಸೆಗೆ. ಆಗ ಮೆಲ್ಲ ಕುಕ್ಕರಗಾಲಲ್ಲಿ ಹೋದ್ರೆ ಫೋನಲ್ಲೇ ಚಂದ ಫೋಟೋ ಬರ್ತದೆ. ನಿಮ್ಮ ನೆರಳು ಮಾತ್ರ ಅದರ ಮೇಲೆ ಬೀಳ್ಬಾರ್ದು.

ಮಳೆ ಮುಗಿದ ಮೇಲೆ ಅಂಗಳದಲ್ಲಿ ರಥಪುಷ್ಪ ಇದ್ರೆ ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಬರ್ತದೆ, ಕಪ್ಪು ಹಳದಿ, ಸಣ್ಣ ಹಕ್ಕಿಯಷ್ಟೇ ಉಂಟು ಅದು. ಹೆಸರು ಗೊತ್ತಾಗದಿದ್ರೆ ಬಟರ್‌ಫ್ಲೈಸ್ ಆಫ್ ಇಂಡಿಯಾ ವೆಬ್‌ಸೈಟ್ ನೋಡಿ, ಇಲ್ಲ ಐನ್ಯಾಚುರಲಿಸ್ಟ್ ಸೈಟಿಗೆ ಫೋಟೋ ಹಾಕಿ, ತಿಳಿದವರು ಹೇಳ್ತಾರೆ. ಒಮ್ಮೆ ಬೆಳುವಾಯಿಯ ಚಿಟ್ಟೆ ಪಾರ್ಕಿಗೂ ಬನ್ನಿ, ಗಾಜಿನ ಗೂಡು ಏನೂ ಇಲ್ಲ, ಗಿಡ ನೆಟ್ಟು ಚಿಟ್ಟೆಗಳನ್ನು ಬರುವ ಹಾಗೆ ಮಾಡಿದ್ದು.

---

ಧಾರವಾಡ_ಮಂದಿ

ಮ್ಯಾಲಿನವರು ಎಲ್ಲಾ ಛಲೋ ಹೇಳ್ಯಾರ್ರಿ. ಒಂದ್ ಮಾತು ಸೇರಸ್ತೀನಿ, ನಮ್ಮ ಕಡೆ ಯೂನಿವರ್ಸಿಟಿ ಕ್ಯಾಂಪಸ್ಸಿನ್ಯಾಗ ಹುಡುಗರಿಗೆ ಹೇಳಿಕೊಡೂ ಮುಂದ ನಾವು ಬಣ್ಣದ ಸುದ್ದಿನ ಎತ್ತೂದಿಲ್ಲ. ಬಣ್ಣ ಬೆಳಕಿಗೆ ತಕ್ಕಂಗ ಬದಲಾಕ್ಕೈತಿ. ಸೂರಕ್ಕಿ ನೆರಳಾಗ ಕುಂತ್ರ ಕರೀದು, ಬಿಸಿಲಾಗ ಬಂತಂದ್ರ ನೇರಳೆ ಹಸರು ಹೊಳೀತೈತಿ, ಹುಡುಗರು ಎರಡು ಹಕ್ಕಿ ಅಂತ ಬರಕೋತಾರ. ಅದಕ ಮೊದಲ ಗಾತ್ರ ಕೇಳ್ತೀವಿ. ಗುಬ್ಬಿಗಿಂತ ಸಣ್ಣದೋ ದೊಡ್ಡದೋ? ಗೊರವಂಕದಷ್ಟೈತೋ? ಕಾಗಿಯಷ್ಟೈತೋ? ಆಮ್ಯಾಲ ಏನ್ ಮಾಡಾಕತ್ತಿತ್ತು ಅಂತ. ವಾಯರ್ ಮ್ಯಾಲಿಂದ ಹಾರಿ ಹುಳ ಹಿಡದು ಮತ್ತ ಅದ ಜಾಗಾಕ್ಕ ಬಂದು ಕುಂತ್ರ ಕಾಜಾಣ ಇಲ್ಲಾ ಪತ್ರಂಗ. ನೆಲದ ಮ್ಯಾಲ ಏಳೆಂಟು ಕೂಡಿ ಜಗಳಾಡ್ಕೋತ ಎಲಿ ಕೆದರಿದ್ರ ಹರಟೆಮಲ್ಲ, ಬ್ಯಾರೆ ಏನೂ ನೋಡೂದ ಬ್ಯಾಡ. ಬ್ಯಾಲ್ಯಾಗ ಬಾಲ ಮ್ಯಾಲ ಎತ್ತಿ ಅಷ್ಟು ಸಣ್ಣ ಮೈಯಿಂದ ಅಷ್ಟು ದೊಡ್ಡ ದನಿ ತಗದ್ರ ಟುವ್ವಿ ಹಕ್ಕಿ.

ಕೂಗನೂ ಬರಕೋರಿ. ಆಪ್ ಹೇಳಿದ್ದಲ್ಲ, ನಿಮ್ಮ ಕಿವಿಗೆ ಹೆಂಗ ಕೇಳಿಸ್ತು ಹಂಗ, ಕನ್ನಡ ಅಕ್ಷರದಾಗ. ನನ್ನ ನೋಟಬುಕ್ಕಿನ್ಯಾಗ ಟಿಟ್ಟಿಭಕ್ಕ "ಯಾಕ್ ಬಂದ್ಯೋ ನೀ" ಅಂತ ಬರದೈತಿ, ನಗಬ್ಯಾಡ್ರಿ, ರಾತ್ರಿ ಹೊಲದಾಗ ಅದು ಒದರಿದ್ರ ಹಂಗ ಕೇಳಸ್ತೈತಿ.

---

ಹಳ್ಳದ_ದಂಡೆ

ಎಲ್ರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ನಿರೀಕ್ಷೆ ಮಾಡಿರ್ಲಿಲ್ಲ. ಬಾಲದ ತಂತಿ ಇದೆ, ಭೀಮರಾಜನೇ. ಅಮ್ಮ ಈಗಾಗ್ಲೇ ನಿಂಬೆ ಗಿಡದ ಹುಳಕ್ಕೆ ಬೂದಿ ಹಾಕೋಕೆ ಹೊರಟಿದ್ರು, ಈ ಪೋಸ್ಟ್ ಓದಿ ಹೇಳಿ ತಡೆದಿದೀನಿ, "ನಿಂಬೆಹಣ್ಣು ಪೇಟೆಯಿಂದ ನೀನೇ ತಂದ್ಕೊಡು ಹಂಗಾದ್ರೆ" ಅಂದ್ರು.

ಒಂದು ಡೌಟು. ಸಿಳ್ಳಾರ ಕಣ್ಣಿಗೆ ಬೀಳ್ತಾನೇ ಇಲ್ಲ. ಅದರ ಕೂಗನ್ನ ಫೋನಲ್ಲಿ ಜೋರಾಗಿ ಹಾಕಿದ್ರೆ ಹತ್ರ ಬರುತ್ತೆ ಅಂತ ಒಬ್ರು ಹೇಳಿದ್ರು, ಮಾಡ್ಬಹುದಾ? ಆಮೇಲೆ ಬೈನಾಕ್ಯುಲರ್ ತಗೊಂಡ್ರೆ ಯಾವ್ದು ತಗೋಬೇಕು?

---

ಕೆರೆ_ಏರಿ_ಮೈಸೂರು

ಬೇಡ. ಈಗ ಗೂಡು ಕಟ್ಟೋ ಕಾಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ಬಂತು ಅಂದ್ಕೊಂಡು ಜಗಳಕ್ಕೆ ಬರುತ್ತೆ ಅದು, ನಿಮ್ಮನ್ನ ನೋಡೋಕೆ ಬರಲ್ಲ. ಇರೋ ಕೆಲಸ ಬಿಟ್ಟು, ಮೊಟ್ಟೆ ಮರಿ ಬಿಟ್ಟು ಇಲ್ಲದ ಹಕ್ಕಿ ಹುಡುಕ್ತಾ ಅಲೆಯುತ್ತೆ. ಫೋಟೋ ತೆಗೆಯೋರು ಕೆಲವರು ಇದನ್ನ ಎಲ್ಲ ಕಡೆ ಮಾಡ್ತಾರೆ, ಅವರ ಹತ್ರ ವಾದ ಮಾಡಿ ಮಾಡಿ ಸಾಕಾಗಿದೆ ನಂಗೆ. ಮನೆ ಒಳಗೆ ಇಯರ್‌ಫೋನ್ ಹಾಕ್ಕೊಂಡು ಕೇಳಿ ಕಲೀರಿ, ಜೆನೋ-ಕ್ಯಾಂಟೊ ಸೈಟಲ್ಲಿ ಪಶ್ಚಿಮ ಘಟ್ಟದ್ದೇ ರೆಕಾರ್ಡಿಂಗ್ ಬೇಕಾದಷ್ಟಿವೆ. ಹಳ್ಳದ ಹತ್ರ ಬಂಡೆ ಪಕ್ಕ ಅಲ್ಲಾಡದೇ ಕೂತ್ರೆ ಸಿಳ್ಳಾರ ತಾನಾಗೇ ಬರುತ್ತೆ, ಅದಕ್ಕೆ ದಿನಾ ಹೋಗೋ ದಾರಿ ಅಂತ ಇರುತ್ತೆ.

---

ಸುಮ್ನೆ_ಓದ್ತೀನಿ

ಮತ್ತೆ ಆಪ್ ವಿಷ್ಯ, ನಿಮ್ಮ ಭೀಮರಾಜ ಇದ್ದಾನಲ್ಲ, ಅವನು ಮಿಮಿಕ್ರಿ ಮಾಡಿದ್ರೆ ಆಪ್ ಕೂಡ ಮೋಸ ಹೋಗುತ್ತೆ, ಗಿಡುಗ ಅಂತ ತೋರ್ಸುತ್ತೆ. ಹಂಗಾಗಿ ಈಬರ್ಡ್ ಅಂತ ಕಂಡ ಹಕ್ಕಿಗಳ ಲೆಕ್ಕ ಇಡೋ ಸೈಟ್ ಇದೆಯಲ್ಲ, ಅದಕ್ಕೆ ಲಿಸ್ಟ್ ಹಾಕೋವಾಗ ಆಪ್ ಹೇಳಿದ್ದನ್ನೆಲ್ಲ ತುಂಬಬೇಡಿ, ನೀವು ಕಂಡಿದ್ದು ಇಲ್ಲ ಕೂಗು ಖಾತ್ರಿ ಇರೋದು ಮಾತ್ರ. ಊರಲ್ಲಿ ಸಾಮಾನ್ಯವಾಗಿ ಇಲ್ಲದ ಹಕ್ಕಿ ಹಾಕಿದ್ರೆ ಅಲ್ಲಿ ರಿವ್ಯೂ ಮಾಡೋರು ಇದಾರೆ, ಏನ್ ನೋಡಿದ್ರಿ ಅಂತ ಕೇಳ್ತಾರೆ.

ಇನ್ನೊಂದು, ಮಳೆಗಾಲ ಬಂದ್ಮೇಲೆ ಶಿವಮೊಗ್ಗ ರೋಡಲ್ಲಿ ಮಂಡಗದ್ದೆ ಹತ್ರ ನಿಲ್ಸಿ. ತುಂಗೆ ಮಧ್ಯದ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆ ಎಲ್ಲ ಗೂಡು ಮಾಡಿರ್ತಾವೆ. ಒಂದೇ ಕಡೆ ಕೂತಿರೋದ್ರಿಂದ ಕೊಕ್ಕು ಕಾಲು ಹೋಲಿಸಿ ನೋಡೋಕೆ ಆರಾಮು, ತೋಟದ ತರ ಕತ್ತು ನೋಯಲ್ಲ.

---

ಬಂದಳಿಕೆ

ಬೈನಾಕ್ಯುಲರ್ 8x42 ತಗೊಳ್ಳಿ. ಎಂಟು ಅಂದ್ರೆ ಎಂಟು ಪಟ್ಟು ಹತ್ರ ಕಾಣ್ತದೆ, 42 ಅಂದ್ರೆ ಮುಂದಿನ ಗಾಜಿನ ಅಗಲ ಮಿಲಿಮೀಟರ್‌ನಲ್ಲಿ, ಅಡಿಕೆ ತೋಟದ ನೆರಳಿಗೆ ಅಷ್ಟು ಅಗಲ ಬೇಕು. ಹತ್ತು ಪಟ್ಟಿನದ್ದು ತಗೊಂಡ್ರೆ ಕೈ ಸ್ವಲ್ಪ ನಡುಗಿದ್ರೂ ಹಕ್ಕಿ ಕುಣೀತದೆ, ಹೊಸಬರಿಗೆ ಬೇಡ. ಇಪ್ಪತ್ತು ಐವತ್ತು ಪಟ್ಟು ಅಂತ ಆನ್‌ಲೈನಲ್ಲಿ ಅಗ್ಗಕ್ಕೆ ಬರುವುದನ್ನು ಮುಟ್ಲೇಬೇಡಿ.

ಚಿಟ್ಟೆಗೂ ಅದೇ ಆಗ್ಬೇಕು ಅಂತಾದ್ರೆ ಹತ್ರದ ಫೋಕಸ್ ಎಷ್ಟು ಅಂತ ಕೇಳಿ, ಎರಡು ಮೀಟರ್ ಒಳಗೆ ಇರ್ಬೇಕು. ಕೆಲವು ದುಬಾರಿ ಮಾಡೆಲ್‌ಗಳೂ ಅದರಲ್ಲಿ ಫೇಲ್. ಅಂಗಡಿಗೇ ಹೋಗುವುದಾದ್ರೆ ನಿಂತಲ್ಲೇ ಬಗ್ಗಿ ನಿಮ್ಮ ಕಾಲಿನ ಹೆಬ್ಬೆರಳು ನೋಡಿ, ಉಗುರು ಸ್ಪಷ್ಟ ಕಂಡ್ರೆ ಹಣ ಕೊಡಿ. ಅಂಗಡಿಯವ ನಗ್ತಾನೆ, ನಗ್ಲಿ.